ಇಂಜಿನ್ನಿನ ಎದುರು ಎಡೆ

ಇಂಜಿನ್ನನ್ನು ಅದರ ಮನೆಗೆ ಒಯ್ಯಲು ಬಂದಿದ್ದೇವೆ ಎಂದು ಹಾರ್ಲಿ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದಾಗ, ಅದನ್ನು ನಮ್ಮ ಜನಕ್ಕೆ ಹೇಗೆ ದಾಟಿಸಬೇಕೆಂದು ನಾನು ಸ್ವಲ್ಪ ತಡೆದೆ. ತಾಂಡೂರಿನ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕಂಪನಿಯ ಅಂಗಳದಲ್ಲಿ ಖಣಿಯ ಕೆಲಸದವರೆಲ್ಲ ಸೇರಿದ್ದರು. ಮನೆ ಎಂದರೆ ಯಾರ ಮನೆ ಎಂದು ಕೇಳುತ್ತಾರೆ. ಕಾರ್ಖಾನೆ ಎಂದರೆ ರಿಪೇರಿಗೆ ಹೊರಟಿದೆ ಎಂದುಕೊಳ್ಳುತ್ತಾರೆ. ಕೊನೆಗೆ, ತವರಿಗೆ ಹೊರಟಿದೆ ಎಂದೆ. ಅದು ಎಲ್ಲರಿಗೂ ಥಟ್ಟನೆ ತಿಳಿಯಿತು. ಕಲ್ಲು ಹೊರುವ ಹೆಂಗಸರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಹೋಗುವ ದಿನ ಅದಕ್ಕೆ ಉಡಿ ತುಂಬಬೇಕೆಂದು ಅವರಲ್ಲಿ ಹಿರಿಯಳಾದ ಸಾಯಮ್ಮ ಬಂದು ನನಗೆ ಹೇಳಿದಳು. ಸಾಹೇಬರಿಗೆ ಅದನ್ನು ವಿವರಿಸಿದಾಗ ಅವರಿಗೆ ಬಹಳ ಸಂತೋಷವಾಯಿತು.

ನಾನು ಊರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಾಹೇಬರು ಇರುವಷ್ಟು ದಿನ ಅವರ ಮಾತು ತಿಳಿಸಿ ಹೇಳಲು ಒಬ್ಬರು ಬೇಕೆಂದು ಕಂಪನಿಯ ಮ್ಯಾನೇಜರರು ನಮ್ಮ ಹೆಡ್‌ಮಿಸ್ಟ್ರೆಸ್ಸರನ್ನು ಕೇಳಿದ್ದರು. ಅವರು ನನ್ನ ಹೆಸರು ಹೇಳಿದರು. ಅದೇ ಇಂಜಿನ್ನಿನ ಮೇಲೆ ನಮ್ಮಪ್ಪ ಸತ್ತಿದ್ದು ಅವರಿಬ್ಬರಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಅದೇನು ದೊಡ್ಡ ರೈಲಿನ ಇಂಜಿನ್ನಲ್ಲ. ಖಣಿಯಿಂದ ಸ್ಟೇಷನ್ನಿನವರೆಗೆ ಹಾಸಿದ್ದ ಸಣ್ಣ ಹಳಿಯ ಮೇಲೆ ಕಲ್ಲಿನ ಡಬ್ಬಿಗಳನ್ನು ಎಳೆಯುತ್ತಿದ್ದ, ಎತ್ತರದಲ್ಲಿ ಒಂದು ಆಳಿಗಿಂತ ಸ್ವಲ್ಪ ಮೇಲಿರುವ ಉಗಿಬಂಡಿ. ಕಂಪನಿಯಲ್ಲಿ ಅಂಥವು ಮೂರಿದ್ದವು. ಒಂದನೆಯದು ನಾನು ಹುಟ್ಟುವ ಮೊದಲೇ ಹೋಗಿತ್ತು. ಎರಡನೇ ನಂಬರು ಗಾಲಿ ಮುರಿದು ಬಹಳ ವರ್ಷ ಷೆಡ್ಡಿನಲ್ಲಿ ನಿಂತಿದ್ದು ಆಮೇಲೆ ಗುಜರಿಗೆ ಹೋಯಿತು. ಮೂರನೇ ನಂಬರು ಮಾತ್ರ ಲಾರಿಗಳು ಬರುವವರೆಗೂ ಓಡಿತು. ಆಮೇಲೆ ಬೇವಿನ ಗಿಡದ ಕೆಳಗೆ ನಿಂತುಬಿಟ್ಟಿತು. ಹಾರ್ಲಿ ಸಾಹೇಬರ ಊರಿನಲ್ಲಿ ಇವನ್ನು ಮಾಡಿದ ಕಾರ್ಖಾನೆ ಮುಚ್ಚಿ ಹೋಗಿದೆಯಂತೆ. ಅವರ ಅಜ್ಜ ಅಲ್ಲಿ ರಿವೆಟ್ ಬಡಿಯುತ್ತಿದ್ದರಂತೆ. ಈಗ ಆ ಊರಿನವರು ಒಂದು ಸಂಘ ಕಟ್ಟಿಕೊಂಡು, ತಮ್ಮಲ್ಲಿ ಹುಟ್ಟಿದ ಇಂಜಿನ್ನುಗಳು ಯಾವ ದೇಶದಲ್ಲಿ ಉಳಿದಿದ್ದರೂ ಹುಡುಕಿ ತಂದು, ತುಕ್ಕು ಕೆರೆದು, ಮತ್ತೆ ಓಡಿಸುತ್ತಾರೆ. ಇದನ್ನು ಹೇಳುವಾಗ ಅವರು ಇಂಜಿನ್ನಿನ ಮೈಮೇಲಿನ ರಿವೆಟ್ಟುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ಅವರು ಒಳ್ಳೆಯ ಮನುಷ್ಯ. ಅದೇ ನನಗೆ ಕಷ್ಟವಾಗಿತ್ತು.

ನಮ್ಮಪ್ಪ ಅಂಜಪ್ಪ ಮೂರನೇ ನಂಬರಿಗೆ ಬೆಂಕಿ ಹಾಕುವ ಫೈರ್‌ಮನ್. ಒಂದು ದಿನ ಬಾಯ್ಲರಿನೊಳಗಿನ ಕೊಳವೆ ಒಡೆದು, ಅವನು ಕಲ್ಲಿದ್ದಲು ಹಾಕಲು ಬಾಗಿಲು ತೆರೆದ ಹೊತ್ತಿಗೇ ಉಗಿಯೆಲ್ಲ ಹೊರಗೆ ನುಗ್ಗಿತು. ನಾನಾಗ ಶಾಲೆಯಲ್ಲಿದ್ದೆ. ಅವ್ವ ಭೀಮಮ್ಮ ನನ್ನನ್ನು ಕರೆದುಕೊಂಡು ತನ್ನ ತವರೂರಾದ ನಾರಾಯಣಖೇಡಕ್ಕೆ ಹೋದಳು. ಅಲ್ಲಿಯ ಕಾಳಿನ ಅಡತಿ ಅಂಗಡಿಯಲ್ಲಿ ತೊಗರಿ, ಹೆಸರು ಹಸನು ಮಾಡಿ ನನ್ನನ್ನು ಕಲಬುರಗಿಯ ಕಾಲೇಜಿನವರೆಗೆ ಓದಿಸಿದಳು.

ಮನೆ ಬಿಟ್ಟು ಹೊರಗೆ ಸತ್ತವರಿಗೆ ಸತ್ತ ಜಾಗದಲ್ಲೇ ಎಡೆ ಇಡುವುದು ನಮ್ಮವರ ಪದ್ಧತಿ. ಮುಂದೆ ಯಾವುದಾದರೊಂದು ವರ್ಷ, ಹಿರಿಯರ ಅಮಾವಾಸ್ಯೆಯ ದಿನ, ಎಡೆಯನ್ನು ಕಾಗೆ ಮುಟ್ಟಿದ ಮೇಲೆ ಅಲ್ಲಿಯದೊಂದು ಕಲ್ಲನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದು ಮನೆಯ ಮಾಡದಲ್ಲಿ ಕೂಡಿಸುತ್ತಾರೆ. ಆಗ ಅವರು ಮನೆಗೆ ಬಂದಂತೆ. ಕಾಗೆ ಮುಟ್ಟದಿದ್ದರೆ ಅವರು ಬರಲು ಒಪ್ಪಿಲ್ಲ. ಅವ್ವ ಪ್ರತಿ ವರ್ಷ ಖೇಡದಿಂದ ಬಸ್ಸು ಹತ್ತಿ ತಾಂಡೂರಿಗೆ ಬಂದು, ಇಂಜಿನ್ನೇ ಅವನು ಸತ್ತ ಜಾಗವೆಂದು ಮೂರನೇ ನಂಬರಿನ ಎದುರು ಎಡೆ ಇಡುತ್ತಿದ್ದಳು. ಕಾಗೆ ಪ್ರತಿ ವರ್ಷ ಮುಟ್ಟುತ್ತಿತ್ತೆಂದೇ ನಾನು ತಿಳಿದಿದ್ದೆ. ಕಲ್ಲು ಮಾತ್ರ ತರಲಿಲ್ಲ. ಯಾಕೆಂದು ನಾನು ಕೇಳಿದರೆ, ಡ್ಯೂಟಿಯ ಮೇಲಿರುವವನನ್ನು ಹೇಗೆ ಕರೆಯಲಿ ಎನ್ನುತ್ತಿದ್ದಳು. ಇಂಜಿನ್ ನಿಂತ ಮೇಲೂ, ಈಗ ನೆರಳಿಗೆ ಕೂತಿದ್ದಾನೆ, ಕೂತಿರಲಿ ಎಂದಿದ್ದಳು.

ಈಗ ಕರೆಯಲೇಬೇಕಾಗಿತ್ತು. ಟ್ರೇಲರ್ ಲಾರಿ ಮುಂಬಯಿ ಬಂದರಿಗೆ ಹೊರಡುವುದು ಅಮಾವಾಸ್ಯೆಯ ದಿನವೇ ಎಂದು ಗೊತ್ತಾಗಿತ್ತು. ನಾನು ಆ ಸುದ್ದಿ ತಿಳಿಸಲು ಖೇಡಕ್ಕೆ ಹೋದಾಗ ಅವ್ವ ಮೊರದಿಂದ ಮುಖ ಎತ್ತದೆ ಒಂದೇ ಮಾತು ಕೇಳಿದ್ದಳು.

"ಸಮುದ್ರ ದಾಟಿದ ಮ್ಯಾಲ ಅವನಿಗಿ ಯಾರು ಬಡಸ್ತಾರ?"

ಅವತ್ತಿನಿಂದ ಅವಳು ರಾತ್ರಿಯ ಊಟ ಬಿಟ್ಟಳೆಂದು ಪಕ್ಕದ ಮನೆಯವರು ಹೇಳಿದರು.

ಅಮಾವಾಸ್ಯೆಯ ಹಿಂದಿನ ದಿನ ಸಾಹೇಬರು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಬಾಯ್ಲರನ್ನು ಒರೆಸುತ್ತಿದ್ದರು. ಒಂದು ಮೂಲೆಯಲ್ಲಿ ಕೊರೆದಿದ್ದ ಅಂಕಿ ಕಂಡು ನನ್ನನ್ನು ಕರೆದರು. ಇಂಜಿನ್ನಿನ ಚೌಕಟ್ಟಿನ ಮೇಲೆ ಮೂರು ಎಂದಿದೆ, ಬಾಯ್ಲರಿನ ಮೇಲೆ ಎರಡು ಎಂದಿದೆ, ಅದು ಹೇಗೆಂದು ಫಿಟ್ಟರನ್ನು ಕೇಳಿ ಎಂದರು. ಅಂಥದ್ದು ಎಲ್ಲಾ ಕಡೆ ಆಗುತ್ತದೆ, ಒಂದೇ ನಮೂನೆಯ ಇಂಜಿನ್ನುಗಳಿದ್ದರೆ ಒಂದರ ಬಾಯ್ಲರ್ ತೆಗೆದು ಇನ್ನೊಂದಕ್ಕೆ ಕೂಡಿಸುತ್ತಾರೆ, ಸುಮ್ಮನೆ ತಿಳಿಯುವ ಆಸೆ ಎಂದೂ ಹೇಳಿದರು.

ಫಿಟ್ಟರ್ ಗಂಗಾರಾಮ ಅಪ್ಪನ ಜೊತೆಗಾರ. ನಾನು ಅವನನ್ನು ಕಾಕಾ ಎನ್ನುತ್ತೇನೆ. ಪ್ರಶ್ನೆ ಕೇಳಿ ಅವನು ನಟ್ಟು ಬಿಚ್ಚುತ್ತಿದ್ದ ಪಾನಾವನ್ನು ಕೆಳಗಿಟ್ಟ. ಕೈ ಒರೆಸಿಕೊಂಡ. ಸಾಹೇಬರ ಕಡೆ ನೋಡದೆ ನನಗೆ ಹೇಳಿದ.

"ನಿಮ್ಮಪ್ಪನ್ನ ಸುಟ್ಟ ಬಾಯ್ಲರ್ ಇದಲ್ಲ ಕೌಸಲ್ಯಾ. ಅದನ್ನ ಆ ತಿಂಗಳೇ ಇಳಸಿದ್ವಿ. ಎರಡನೇ ನಂಬರಿಂದು ತಗದು ಇದಕ್ಕ ಕೂಡ್ಸಿದ್ವಿ. ನಾನೇ ಕೂಡ್ಸಿದ್ದು."

ಹಾಗಾದರೆ ಅದು ಎಲ್ಲಿ ಎಂದು ಕೇಳಿದೆ. ಹೊಸ ಕೊಳವೆ ಹಾಕಿಸಿ ಒಂದು ಎಣ್ಣೆ ಮಿಲ್ಲಿಗೆ ಮಾರಿದರು ಎಂದ. ಯಾವ ಊರಿನ ಮಿಲ್ಲು ಎಂದೆ. ಅವನು ಬೇವಿನ ಗಿಡದ ಕಡೆ ಮುಖ ತಿರುಗಿಸಿ ಹೇಳಿದ.

"ನಿಮ್ಮ ಖೇಡದಾಗೇ ಅದ. ಬಜಾರದ ಹಿಂದಿನ ಕುಸುಬಿ ಎಣ್ಣಿ ಮಿಲ್ಲು."

ಆ ಮಿಲ್ಲು ನಮ್ಮ ಮನೆಯಿಂದ ಮೂರು ಓಣಿಯ ಆಚೆ ಇದೆ. ಪಾಳಿ ಶುರುವಾಗುವ ಹೊತ್ತಿಗೆ ಅದರ ಉಗಿಯ ಭೋಂಗಾ ಕೂಗಿದಾಗಲೇ ಊರಿಗೆ ಬೆಳಗಾಗುವುದು. ಕಾಲೇಜಿಗೆ ಹೋಗುವ ಮುಂಚೆ ನಾನೂ ಅದನ್ನು ಕೇಳಿಯೇ ಏಳುತ್ತಿದ್ದೆ.

ಅವ್ವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಗಂಗಾರಾಮ ಕಾಕಾ ಹೇಳಿದ್ದನ್ನು ಇಲ್ಲಿ ಚುಟುಕಾಗಿ ಹೇಳುತ್ತೇನೆ. ಮೊದಲನೆಯ ವರ್ಷ ಅವ್ವ ಎಡೆ ತಂದಾಗ ಹೇಳಬೇಕೆಂದು ಅವನು ಷೆಡ್ಡಿನಿಂದ ಹೊರಗೆ ಬಂದಿದ್ದನಂತೆ. ಆ ದಿನ ಒಂದೂ ಕಾಗೆ ಬರಲಿಲ್ಲ. ಇಂಜಿನ್ನಿನ ಸದ್ದಿಗೆ ಅಲ್ಲಿ ಹಕ್ಕಿಗಳೇ ಕೂರುತ್ತಿರಲಿಲ್ಲ. ಅವ್ವ ಹೊತ್ತು ಮುಳುಗುವವರೆಗೆ ನೀರೂ ಕುಡಿಯದೆ ಕೂತಳು. ಅವಳ ಮುಖ ನೋಡಿ ಅವನಿಗೆ ಬಾಯಿ ಬರಲಿಲ್ಲ. ಮರುದಿನದಿಂದ ಅವನು ತನ್ನ ಬುತ್ತಿಯ ರೊಟ್ಟಿಯಲ್ಲಿ ಒಂದು ತುಂಡು ಮುರಿದು ದಿನಾ ಇಂಜಿನ್ನಿನ ತಗಡಿನ ಮೇಲೆ ಹಾಕತೊಡಗಿದ. ಕಾಗೆಗಳಿಗೆ ರೂಢಿಯಾಯಿತು. ಆಮೇಲೆ ಯಾವ ವರ್ಷವೂ ಅವ್ವ ಕಾಯಬೇಕಾಗಲಿಲ್ಲ.

"ಈ ಸಲ ಕಷ್ಟ ಅದ," ಎಂದ. "ಸಾಹೇಬ್ರು ಬಂದಾಗಿಂದ ಘಾಸಲೇಟಿನ ವಾಸನಿ. ಒಂದೂ ಬರವಲ್ವು."

ಸಾಹೇಬರು ಕಾಯುತ್ತಿದ್ದರು. ಮೊದಲಿನ ಬಾಯ್ಲರ್ ಇನ್ನೂ ಎಲ್ಲಾದರೂ ಇದ್ದರೆ ಅದನ್ನೂ ಒಯ್ಯಬಹುದೆಂಬ ಆಸೆ ಅವರ ಕಣ್ಣಿನಲ್ಲಿತ್ತು. ಅದನ್ನು ಬಹಳ ಹಿಂದೆಯೇ ಮಾರಿದರಂತೆ ಎಂದು ನಾನು ಹೇಳಿದೆ. ಆ ಮಾತು ನಿಜವೇ. ಅವರು ತಲೆಯಾಡಿಸಿ ಮತ್ತೆ ಒರೆಸತೊಡಗಿದರು.

ಅವ್ವ ಆ ಸಂಜೆ ಬಂದಳು. ನನ್ನ ಕೋಣೆಯಲ್ಲಿ ಬೇಳೆ ಬೇಯಿಸಿ ಹೂರಣ ರುಬ್ಬಿದಳು. ಹೇಳಬೇಕೆಂದು ನಾನು ಎರಡು ಸಲ ಬಾಯಿ ತೆರೆದೆ. ಅವಳು ಅಪ್ಪನಿಗೆಂದು ತಂದ ಬೀಡಿ ಕಟ್ಟನ್ನು ಸೆರಗಿನಲ್ಲಿ ಒರೆಸಿ ತೆಗೆದಿಡುತ್ತಿದ್ದಳು. ನಾಳೆ ಕಾಗೆ ಮುಟ್ಟಿದರೆ ಅವಳು ಕಲ್ಲು ತಂದು ಕೂಡಿಸುತ್ತಾಳೆ, ಅವಳ ಮನಸ್ಸು ನಿಲ್ಲುತ್ತದೆ, ಆಗ ಹೇಳುವುದೇ ಬೇಕಾಗುವುದಿಲ್ಲ ಎಂದುಕೊಂಡೆ.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕ್ರೇನು ಬಂದಿತ್ತು. ಸಾಯಮ್ಮ ಮತ್ತು ಉಳಿದವರು ಇಂಜಿನ್ನಿನ ಮೂತಿಗೆ ಅರಿಷಿಣ ಕುಂಕುಮ ಹಚ್ಚಿ, ಕೊಂಡಿಗೆ ಹಸಿರು ಕುಪ್ಪಸದ ಬಟ್ಟೆಯಲ್ಲಿ ಅಕ್ಕಿ, ಉತ್ತತ್ತಿ, ಬಟ್ಟಲು ಕೊಬ್ಬರಿ ಕಟ್ಟಿದ್ದರು. ಸಾಹೇಬರು ಫೋಟೋ ತೆಗೆಯುತ್ತಿದ್ದರು. ಅವ್ವ ಅದನ್ನು ನೋಡಿ, ತವರಿಗೆ ಹೋದವಳು ತಿರುಗಿ ಬರುತ್ತಾಳೆ, ಇದು ಬರುವುದುಂಟೆ ಎಂದು ಸಾಯಮ್ಮನನ್ನು ಕೇಳಿದಳು. ಸಾಯಮ್ಮ ಗದರಿದಳು.

"ಮುದುಕಿ ಆಗ್ಯಾದ ಬಿಡು ಅದು. ನಮ್ಮನ್ನೂ ಯಾರರ ಹಿಂಗ ಲಾರಿ ಮ್ಯಾಲ ಕೂಡ್ಸಿ ತವರಿಗಿ ಕಳಸ್ತೀನಂದ್ರ ನಾ ತಿರುಗಿ ಬರಾಕಿ ಅಲ್ಲ."

ಹೆಂಗಸರು ನಕ್ಕರು. ಅವ್ವನೂ ಸ್ವಲ್ಪ ನಕ್ಕಳು. ಆಮೇಲೆ ಮುತ್ತುಗದ ಎಲೆ ಹಾಸಿ ಅನ್ನ, ಹೋಳಿಗೆ, ಪುಂಡಿ ಪಲ್ಯ, ಒಂದು ರೊಟ್ಟಿ ಬಡಿಸಿದಳು. ಬೀಡಿ ಹಚ್ಚಿ ಎಲೆಯ ತುದಿಗೆ ಇಟ್ಟಳು. ಅಪ್ಪ ನಿಲ್ಲುತ್ತಿದ್ದ ಕಬ್ಬಿಣದ ಮೆಟ್ಟಿಲಿನ ಕೆಳಗೆ ಬಿದ್ದಿದ್ದ ಫರ್ಸಿಯ ಒಂದು ಚೂರನ್ನು ಆರಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಕಾಗೆ ಬರಲಿಲ್ಲ. ದೂರದ ಗೋಡೆಯ ಮೇಲೆ ಎರಡು ಕೂತಿದ್ದವು. ಒಂದು ಹಾರಿ ಬೇವಿನ ಗಿಡದವರೆಗೆ ಬಂದು, ಕ್ರೇನಿನ ಕೈಯನ್ನು ನೋಡಿ ತಿರುಗಿ ಹೋಯಿತು. ಬೀಡಿ ಆರಿತು. ಅವ್ವ ಮತ್ತೆ ಹಚ್ಚಿದಳು. ಗಂಗಾರಾಮ ಕಾಕಾ ಷೆಡ್ಡಿನ ಬಾಗಿಲಲ್ಲಿ ರೊಟ್ಟಿಯ ಗಂಟು ಹಿಡಿದುಕೊಂಡು ನಿಂತಿದ್ದ. ಎಲ್ಲರ ಎದುರು ಹಾಕಲು ಅವನಿಗಾಗಲಿಲ್ಲ. ನಾನು ಅವ್ವನ ಬೆನ್ನನ್ನೂ ಆ ಗೋಡೆಯನ್ನೂ ನೋಡುತ್ತಿದ್ದೆ.

ಆ ತಾಯಿ ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಸಾಹೇಬರು ಕೇಳಿದರು. ಆಗ ಅಪ್ಪನ ವಿಷಯ, ಕಾಗೆಯ ವಿಷಯ ಹೇಳಿದೆ. ಅವರು ಟೋಪಿ ತೆಗೆದರು. ಮುಖ ಕೆಂಪಾಯಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಹೋಗಿ ಕ್ರೇನನ್ನು ನಿಲ್ಲಿಸಿದರು. ಎಲ್ಲರೂ ದೂರ ಸರಿಯಿರಿ ಎಂದು ಕೈಮಾಡಿದರು. ಅಂಗಳ ಒಮ್ಮೆಲೇ ಸುಮ್ಮನಾಯಿತು. ಅಷ್ಟು ಜನ ಮಾತಿಲ್ಲದೆ ಒಬ್ಬ ಹೆಂಗಸಿನ ಕಡೆ ನೋಡುತ್ತ ನಿಂತರು. ಅದು ಇನ್ನೂ ಕಷ್ಟವಾಯಿತು. ಮ್ಯಾನೇಜರರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಬಿಸಿಲು ಎಲೆಯ ಮೇಲೆ ಬಂತು. ಹೋಳಿಗೆಯ ತುಪ್ಪ ಹೆಪ್ಪು ಬಿಟ್ಟು ಕರಗಿತು.

ಕೊನೆಗೆ ಅವ್ವ ತಾನೇ ಎದ್ದಳು.

"ಇನ್ನೊಬ್ಬರ ಕೆಲಸ ಎಷ್ಟಂತ ನಿಲ್ಸೂದು. ಎತ್ರಿ ಅನ್ನು ಅವರಿಗಿ."

ಗಂಗಾರಾಮ ಕಾಕಾ ಬಂದು, ಇನ್ನೊಂದು ಸ್ವಲ್ಪ ಕೂಡ್ರಿ ವೈನಿ ಎಂದ. ಅವಳು ಅವನ ಕೈಯಲ್ಲಿದ್ದ ಗಂಟನ್ನು ನೋಡಿದಳು. ಎಡೆಯನ್ನು ಎಲೆಯ ಸಮೇತ ಮಡಚಿ ಬುಟ್ಟಿಯಲ್ಲಿಟ್ಟಳು. ಇಂಜಿನ್ ನೆಲ ಬಿಟ್ಟು ಮೇಲೇಳುವಾಗ ಅದರ ಅಡಿಯಿಂದ ಕಪ್ಪು ಬೂದಿ ಉದುರಿತು. ಅವ್ವ ಮುಖ ತಿರುಗಿಸಿದಳು.

ನಾನು ಎರಡು ದಿನ ರಜೆ ಹಾಕಿ ಅವಳ ಜೊತೆ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ಅವಳು ಆ ಕಲ್ಲನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದಳು. ಕಾಗೆ ಮುಟ್ಟದೆ ತಂದ ಕಲ್ಲು ಬರೀ ಕಲ್ಲು. ಅದನ್ನು ಕೂಡಿಸುವಂತಿಲ್ಲ, ಎಸೆಯಲು ಅವಳ ಕೈ ಬರುತ್ತಿರಲಿಲ್ಲ. ಅವನು ಒಪ್ಪಲಿಲ್ಲ, ಅದರ ಜೊತೆಗೇ ಹೋದ ಎಂದು ಒಂದು ಸಲ ಅಂದಳು.

ಜಹೀರಾಬಾದಿನಲ್ಲಿ ಖೇಡದ ಬಸ್ಸಿಗೆ ಕಾಯಬೇಕಿತ್ತು. ಮುಂಬಯಿ ರಸ್ತೆಯ ಪಕ್ಕದ ಹೋಟೆಲ್ಲಿನ ಮುಂದೆ ಟ್ರೇಲರ್ ನಿಂತಿತ್ತು. ಚಾಲಕ ಚಹಾ ಕುಡಿಯುತ್ತಿದ್ದ. ಇಂಜಿನ್ನಿಗೆ ತಾಡಪತ್ರಿ ಹೊದಿಸಿದ್ದರು. ಚಿಮಣಿಯ ತುದಿ ಹೊರಗಿತ್ತು. ಹಸಿರು ಕುಪ್ಪಸದ ಗಂಟು ಇನ್ನೂ ಕೊಂಡಿಯಲ್ಲಿತ್ತು. ನಾನು ಬೇಡವೆನ್ನುವಷ್ಟರಲ್ಲಿ ಅವ್ವ ಬುಟ್ಟಿಯ ಸಮೇತ ರಸ್ತೆ ದಾಟಿ ಹೋದಳು. ಲಾರಿಯ ಹಲಗೆಯ ಮೇಲಿನಿಂದ ಕೈಚಾಚಿ ಇಂಜಿನ್ನಿನ ಗಾಲಿ ಮುಟ್ಟಿದಳು. ಅಲ್ಲಿಯೇ ಮತ್ತೆ ಎಡೆ ಬಿಚ್ಚುತ್ತಾಳೆಂದು ನನಗೆ ಹೆದರಿಕೆಯಾಯಿತು. ಲಾರಿ ಹೊರಟರೆ ಅದರ ಹಿಂದೆಯೇ ಹೋಗುವವಳಂತೆ ನಿಂತಿದ್ದಳು.

"ನಿನಗೇನರ ಗೊತ್ತದ," ಎಂದಳು ನನ್ನ ಕಡೆ ತಿರುಗದೆ. "ನಿನ್ನೆಯಿಂದ ನನ್ನ ಮಾರಿ ನೋಡವಲ್ಲಿ."

ಹೇಳಿದೆ. ಬಾಯ್ಲರ್ ಬದಲಾದದ್ದು, ಅದು ಎಲ್ಲಿಗೆ ಹೋಯಿತೆಂಬುದು, ಎಲ್ಲ. ಮಾತುಗಳನ್ನು ಆರಿಸಿ ಆರಿಸಿ ಇಟ್ಟೆ. ಅಪ್ಪ ಸಮುದ್ರ ದಾಟುತ್ತಿಲ್ಲ, ಇಷ್ಟು ದಿನ ನಿನ್ನ ಹತ್ತಿರವೇ ಇದ್ದ ಎಂಬಂತೆ ಹೇಳಿದೆ. ಕಾಗೆಗಳ ವಿಷಯ ಮಾತ್ರ ಹೇಳಲಿಲ್ಲ. ಅವಳಿಗೆ ಸಮಾಧಾನವಾಗುತ್ತದೆಂದು ಮುಖ ನೋಡಿದೆ. ಅವಳು ಗಾಲಿಯಿಂದ ಕೈ ತೆಗೆದಳು. ಬಿಸಿ ತಾಕಿದವರ ಹಾಗೆ ಆ ಕೈಯನ್ನು ಎದೆಗೆ ಹಿಡಿದುಕೊಂಡಳು.

"ಹಂಗಾದ್ರ ಇಷ್ಟು ವರ್ಷ ಇಲ್ಲಿ ಉಂಡವರ್ಯಾರು?"

ನನ್ನ ಬಳಿ ಉತ್ತರವಿತ್ತು. ಕೊಡಲಿಲ್ಲ. ಅಷ್ಟರಲ್ಲಿ ಚಾಲಕ ಬಂದು ಲಾರಿ ಶುರು ಮಾಡಿದ. ಹಿಂದಿನ ಜೀಪಿನಿಂದ ಸಾಹೇಬರು ನಮ್ಮನ್ನು ಗುರುತಿಸಿ ಕೈ ಎತ್ತಿದರು. ನಾನೂ ಎತ್ತಿದೆ. ಅವ್ವ ಆ ಕಡೆ ನೋಡಲೇ ಇಲ್ಲ. ಅವಳು ಆಗಲೇ ಖೇಡದ ಬಸ್ಸಿನ ದಾರಿ ನೋಡುತ್ತಿದ್ದಳು.

ಬಸ್ಸಿನಲ್ಲಿ ಅವಳು ಒಂದೇ ಮಾತು ಎತ್ತಿದಳು. ದಿನಾ ಮುಂಜಾನೆ ಆ ಮಿಲ್ಲಿನ ಭೋಂಗಾ ಕೂಗಿದಾಗ ಏಳುತ್ತಿದ್ದೆ, ಅದಕ್ಕೆ ಬೈದುಕೊಂಡೇ ಒಲೆ ಹಚ್ಚುತ್ತಿದ್ದೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಬಹಳ ಬೈದೀನಿ ಎಂದಳು. ಹೇಳಿದ್ದು ತಪ್ಪಾಯಿತೇ ಎಂದು ಖೇಡ ಬರುವವರೆಗೂ ಅದನ್ನೇ ಯೋಚಿಸಿದೆ. ನಾಳೆ ಅಲ್ಲಿಯೂ ಕಾಗೆ ಬರದಿದ್ದರೆ ಇವಳಿಗೆ ಇಂಜಿನ್ನೂ ಇಲ್ಲ, ಮಿಲ್ಲೂ ಇಲ್ಲ.

ಮರುದಿನ ಭೋಂಗಾ ಕೂಗಿದಾಗ ಅವಳು ಆಗಲೇ ಎದ್ದು ಅಡಿಗೆ ಮುಗಿಸಿದ್ದಳು. ಮಿಲ್ಲಿನ ಮಾಲಕ ತುಳಸಿರಾಮ ನಮ್ಮ ಪರಿಚಯದವರೇ. ಅವರ ತಂದೆ ಆ ಬಾಯ್ಲರನ್ನು ತಾಂಡೂರಿನಿಂದ ತಂದದ್ದು ಅವರಿಗೆ ನೆನಪಿತ್ತು. ಅದರ ಹಿಂದಿನ ಕತೆ ಗೊತ್ತಿರಲಿಲ್ಲ. ಒಳಗೆ ಬೆಂಕಿಯ ಜಾಗ, ಬೇಡ, ಹಿತ್ತಲ ಗೋಡೆಯ ಹತ್ತಿರ ಕೂಡ್ರಿ, ಬಾಯ್ಲರ್ ಆ ಗೋಡೆಗೇ ಅಂಟಿದೆ ಎಂದರು. ಅಮಾವಾಸ್ಯೆ ನಿನ್ನೆಯೇ ಆತಲ್ಲ ಭೀಮಮ್ಮ, ಇವತ್ತು ನಡೀತದೇನು ಎಂದೂ ಕೇಳಿದರು.

"ತಡಾ ಆದ್ರ ಅಂವ ಉಣ್ಣಂಗಿಲ್ಲೇನ್ರಿ? ಡ್ಯೂಟಿಯಿಂದ ಟೈಮಿಗಿ ಯಾವತ್ತು ಬಂದಾನ?"

ಹಿತ್ತಲಲ್ಲಿ ಕುಸುಬಿ ಹಿಂಡಿಯ ಚೀಲಗಳಿದ್ದವು. ಗೋಡೆಯ ಕಲ್ಲು ಬೆಚ್ಚಗಿತ್ತು. ಒಳಗೆ ಬಾಯ್ಲರು ಕುದಿಯುವ ಸದ್ದು, ದೊಡ್ಡ ಹಂಡೆಯ ಸದ್ದಿನಂತೆ, ಕಲ್ಲಿನ ಮೂಲಕ ಕೇಳುತ್ತಿತ್ತು. ಅವ್ವ ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎಲೆ ಹಾಸಿದಳು, ಬಡಿಸಿದಳು, ಬೀಡಿ ಹಚ್ಚಿಟ್ಟಳು. ತಾಂಡೂರಿನ ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಇಲ್ಲಿಯೂ ಕಾಗೆ ಇಳಿಯಲಿಲ್ಲ. ಚಿಮಣಿಯ ಹೊಗೆ ಹಿತ್ತಲಿನ ಮೇಲೇ ಬಾಗುತ್ತಿತ್ತು. ಬಜಾರದ ಕಡೆ ಕಾಳಿನ ಅಂಗಳದಲ್ಲಿ ಕಾಗೆಗಳ ಗದ್ದಲ ಕೇಳುತ್ತಿತ್ತು. ಈ ಕಡೆಗೆ ಮಾತ್ರ ಒಂದೂ ಇಲ್ಲ. ಬಿಸಿಲೇರಿತು. ಅವ್ವ ನೀರು ಕುಡಿದಿರಲಿಲ್ಲ. ಗಂಗಾರಾಮ ಕಾಕಾ ಹೇಳಿದ ಆ ಮೊದಲನೆಯ ವರ್ಷ ನನ್ನ ಕಣ್ಣ ಮುಂದೆ ಬಂತು.

ಬುಟ್ಟಿಯಲ್ಲಿ ಉಳಿದ ರೊಟ್ಟಿಗಳಿದ್ದವು. ಅವ್ವನ ಹಿಂದೆ ಮೆಲ್ಲಗೆ ಎದ್ದು ಒಂದನ್ನು ಸೆರಗಿನ ಕೆಳಗೆ ತೆಗೆದುಕೊಂಡೆ. ಶಾಲೆಯಲ್ಲಿ ಮಕ್ಕಳು ಸುಳ್ಳು ಹೇಳಿದರೆ ನಾನು ಸುಮ್ಮನೆ ಬಿಡುವವಳಲ್ಲ. ಹಿಂಡಿಯ ಚೀಲಗಳ ಮರೆಗೆ ಹೋಗಿ ರೊಟ್ಟಿಯನ್ನು ಎರಡಾಗಿ ಮುರಿದು ಗೋಡೆಯ ತಲೆಯ ಮೇಲೆ ಇಟ್ಟೆ. ಇಂದಲ್ಲದಿದ್ದರೆ ನಾಳೆ, ನಾಳೆಯಲ್ಲದಿದ್ದರೆ ಮುಂದಿನ ವಾರ ಅವು ಬರುತ್ತವೆ. ಇಲ್ಲಿಗೇ ವರ್ಗ ಕೇಳಿ ಅರ್ಜಿ ಹಾಕಬೇಕು ಎಂದುಕೊಂಡೆ. ತಿರುಗಿ ನೋಡಿದರೆ ಅವ್ವ ಕುತ್ತಿಗೆ ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ ತಿಳಿಯದು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ದಣಿದಿದ್ದಳು.

"ಸಣ್ಣ ತುಕಡಿ ಮಾಡಿ ಹಾಕು," ಎಂದಳು. "ದೊಡ್ಡದಾದ್ರ ಬೆಕ್ಕು ಒಯ್ತದ. ಗಂಗಾರಾಮನೂ ಮೊದಮೊದಲು ದೊಡ್ಡದೇ ಹಾಕ್ತಿದ್ದ."

ನಾನು ಗೋಡೆಯ ಮೇಲಿನ ರೊಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡೆ. ಅವಳು ಆರಿದ ಬೀಡಿಯನ್ನು ಇನ್ನೊಮ್ಮೆ ಹಚ್ಚಿ ಎಲೆಯ ತುದಿಗೆ ಇಟ್ಟು, ಕಲ್ಲನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಆಕಾಶದ ಕಡೆ ನೋಡುತ್ತ ಕೂತಳು.